ಹಾಲು ಕುಡಿದ ಹಾವಿನ ಗಿಡ

ಹರಿಹರ
ಭಾನುವಾರ, 8-11-1964

ದಾವಣಗೆರೆಯಲ್ಲಿರುವ ನಮ್ಮ ಮನೆಯವರಿಗೆ ನೀಲಕ್ಕನ ನಮಸ್ಕಾರ.

ಇಲ್ಲಿ ನಾನೂ ನಮ್ಮಕ್ಕ ಓಬಕ್ಕನೂ ಆರೋಗ್ಯವಾಗಿದ್ದೇವೆ. ನಿಮ್ಮ ಕಾಗದ ಗುರುವಾರ ಕೈಸೇರಿತು. ಎರಡೂವರೆ ತಿಂಗಳಿಗೆ ಒಂದು ಕಾಗದ, ಅದರಲ್ಲೂ ಮುಕ್ಕಾಲು ಭಾಗ ಗಿಡದ ಸುದ್ದಿ. ನಾನು ಬರುವುದಿಲ್ಲವಾದರೆ ಮನೆ ಬಿಟ್ಟು, ಅತ್ತೆಯವರನ್ನು ಕೊಕ್ಕನೂರಿಗೆ ಕಳಿಸಿ, ನೀವು ಮಿಲ್ಲಿನ ಗೆಳೆಯರ ಕೋಣೆ ಸೇರುವುದಾಗಿ ಕೊನೆಯ ಎರಡು ಸಾಲಿನಲ್ಲಿ ಬರೆದಿದ್ದೀರಿ. ಮನೆ ಮಾಲೀಕ ಉಜ್ಜನಪ್ಪನವರಿಗೆ ಹದಿನೈದನೆಯ ತಾರೀಖಿನೊಳಗೆ ಉತ್ತರ ಹೇಳಬೇಕಂತೆ. ನೀವು ಗಿಡದ ವಿಷಯ ಮೊದಲು ಕೇಳಿದ್ದೀರಿ, ಆದ್ದರಿಂದ ನಾನೂ ಅದನ್ನೇ ಮೊದಲು ಬರೆಯುತ್ತೇನೆ.

ಎಲೆಗಳು ಬುಡದಲ್ಲಿ ಮೆತ್ತಗಾಗಿ, ಮುಟ್ಟಿದರೆ ಕೈಗೇ ಬರುತ್ತವೆ ಎಂದಿದ್ದೀರಿ. ಅದು ನೀರು ಹೆಚ್ಚಾದ ಲಕ್ಷಣ. ಅತ್ತೆಯವರು ಹಾಲು ಹಾಕುವುದನ್ನು ಬಿಟ್ಟರೂ ನೀರು ಬಿಟ್ಟಿರಲಾರರು. ಮೈ ತೊಳೆದುಕೊಂಡ ಮೇಲೆ ತುಳಸಿಗೊಂದು ತಂಬಿಗೆ, ಇದಕ್ಕೊಂದು ತಂಬಿಗೆ. ತುಳಸಿ ತಾಳಿಕೊಳ್ಳುತ್ತದೆ, ಇದು ತಾಳುವುದಿಲ್ಲ. ಇದರ ದಪ್ಪ ಎಲೆಯಲ್ಲೇ ನೀರು ಇರುತ್ತದೆ.

ಗಿಡವನ್ನು ಕುಂಡದಿಂದ ತೆಗೆದು ಮಣ್ಣು ಕೊಡವಿರಿ. ಕಪ್ಪಗೆ ಕೊಳೆತ ಬೇರನ್ನೆಲ್ಲ ನಿಮ್ಮ ಗಡ್ಡದ ಬ್ಲೇಡಿನಿಂದ ಕತ್ತರಿಸಿ, ಹೊಸ ಬ್ಲೇಡಾದರೆ ಒಳ್ಳೆಯದು. ಕತ್ತರಿಸಿದ ಕಡೆ ಒಲೆಯ ಬೂದಿ ಹಚ್ಚಿ ಮೂರು ದಿನ ನೆರಳಿನಲ್ಲಿ ಒಣಗಲು ಬಿಡಿ. ಆಮೇಲೆ ತಳದಲ್ಲಿ ತೂತಿರುವ ಸಣ್ಣ ಕುಂಡಕ್ಕೆ ಅರ್ಧ ಮರಳು, ಅರ್ಧ ಮಣ್ಣು, ಒಂದು ಹಿಡಿ ಇಟ್ಟಿಗೆ ಚೂರು ಹಾಕಿ ನೆಡಿ. ಗೇಣುದ್ದದ ಗಿಡಕ್ಕೆ ದೊಡ್ಡ ಕುಂಡ ಬೇಡ. ಒಂದು ವಾರ ನೀರು ಮುಟ್ಟಿಸಬೇಡಿ. ನಂತರ ಮಣ್ಣು ಪೂರಾ ಒಣಗಿದಾಗ ಮಾತ್ರ ಹಾಕಿ. ಈ ಚಳಿಯಲ್ಲಿ ತಿಂಗಳಿಗೊಮ್ಮೆ ಸಾಕು. ಎಲೆಗಳ ನಡುವಿನ ಗೂಡಿನೊಳಗೆ ನೀರು ನಿಲ್ಲಬಾರದು. ಮೂಡಲ ಕಿಟಕಿಯ ಬೆಳಕು ಅದಕ್ಕೆ ಹಿಡಿಸುತ್ತದೆ.

ಬೇರೆಲ್ಲ ಹೋಗಿದ್ದರೆ ಗಟ್ಟಿಯಾದ ಒಂದು ಎಲೆಯನ್ನೇ ನೆಡಬಹುದು, ಎರಡು ತಿಂಗಳಿಗೆ ಬೇರು ಬಿಡುತ್ತದೆ. ಆದರೆ ಹಾಗೆ ಹುಟ್ಟಿದ ಗಿಡಕ್ಕೆ ಆ ಹಳದಿ ಅಂಚು ಬರುವುದಿಲ್ಲ, ಬರೀ ಹಸಿರು. ಅಂಚು ಉಳಿಯಬೇಕಾದರೆ ಬೇರು ಸಮೇತ ಬಂದ ಮರಿಯೇ ಬೇಕು. ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಿ. ಅಂದು ಗಟಾರಕ್ಕೆ ಸುರಿದಾಗ ಒಂದು ಮರಿ ಕಳಚಿ ಬಂದಿತ್ತು. ಅದನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟುಕೊಂಡು ಬಂದೆ. ಅದರ ಜೊತೆ ಒಂದೆರಡು ಎಲೆಯನ್ನೂ ನೆಟ್ಟು ನೋಡಿದೆ. ಮರಿ ಬದುಕಿದೆ.

ಗಟಾರದ ಮಾತು ಬಂತು, ಅದನ್ನೂ ಬರೆದುಬಿಡುತ್ತೇನೆ. ನೀವು ಮಿಲ್ಲಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಈ ಗಿಡ ತಂದಿರಿ, ಅಂಗಳವಿಲ್ಲದ ಮನೆಗೆ ಇದೇ ಸರಿ ಎಂದಿರಿ. ಪಟ್ಟೆ ನೋಡಿ ಇದು ಹಾವಿನ ಗಿಡ ಎಂದು ತಮಾಷೆ ಮಾಡಿದವಳು ನಾನೇ. ಅತ್ತೆಯವರು ಅದನ್ನು ನಿಜವೆಂದುಕೊಂಡು ನಾಗರ ಪಂಚಮಿಯ ದಿನ ಕುಂಡಕ್ಕೆ ಹಾಲೆರೆದರು. ಅಂದಿನಿಂದ ದಿನವೂ ಎರೆದರು. ಮನೆಯೆಲ್ಲ ಹುಳಿ ವಾಸನೆ, ಕುಂಡದ ಸುತ್ತ ಇರುವೆ ಸಾಲು. ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಕುಂಡ ಎತ್ತಿ ಗಟಾರಕ್ಕೆ ಬೋರಲು ಹಾಕಿದೆ. ನಾಗಪ್ಪನ್ನ ಗಟಾರಕ್ಕೆ ಚೆಲ್ಲಿದ್ಲಲ್ಲಪ್ಪೋ, ಇನ್ನಿವಳ ಮಡ್ಲು ಹೆಂಗೆ ತುಂಬ್ತೈತೆ ಅಂತ ಅತ್ತೆಯವರು ಬೀದಿಯಲ್ಲೇ ಕೂತು ಅತ್ತರು. ಕೆಸರಿನಿಂದ ಗಿಡ ಎತ್ತಿಕೊಂಡವರೂ ಅವರೇ. ಓದಿದೋಳು ನೀನು, ನಮ್ಮವ್ವ ನಿಂಗೆ ದಡ್ಡಿ ಕಂಡ್ಲೇನು ಅಂತ ನೀವು ಕೇಳಿದಿರಿ. ನಾನು ಹೌದು ಎಂದುಬಿಟ್ಟೆ. ಆರು ವರ್ಷದ ಸಂಸಾರ ಆ ಒಂದು ಮಾತಿಗೆ ನಿಂತುಹೋಯಿತು.

ಓಬಕ್ಕ ಇಲ್ಲೇ ಇರು ಎನ್ನುತ್ತಾಳೆ. ಹೊಲಿಗೆ ಕಲಿಯುತ್ತಿದ್ದೇನೆ. ಹೊತ್ತು ಹೋಗುತ್ತದೆ. ಮನೆಯ ವಿಷಯ ನಿಮಗೆ ತೋಚಿದಂತೆ ಮಾಡಿ.

ಇಂತಿ,
ನೀಲಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ತಿಂಗಳು ನಾನು ಹೊರಗಾಗದೆ ಇಪ್ಪತ್ತು ದಿನ ಮೇಲಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹನ್ನೊಂದು ದಿನ ಅತ್ತೆಯವರು ಎರೆದ ಹಾಲು ನನ್ನ ಚಹಾದ ಪಾಲಿನದು. ಹಿಂದಿನ ದಿನವೇ ಲೋಟದಲ್ಲಿ ತೆಗೆದಿಟ್ಟು ಕೊಡುತ್ತಿದ್ದವಳು ನಾನೇ. ಹನ್ನೆರಡನೆಯ ದಿನ ಬೆಳಿಗ್ಗೆ ಹೊರಗಾದೆ. ಏನನ್ನೂ ಮುಟ್ಟಬಾರದ ದಿನ ಆ ಕುಂಡವನ್ನೇ ಮುಟ್ಟಿದೆ. ಅತ್ತೆಯವರ ಮೇಲೆ ನನಗೆ ಸಿಟ್ಟಿರಲಿಲ್ಲ. ಇದನ್ನು ಅವರಿಗೆ ಓದಿ ಹೇಳಬೇಡಿ, ನಾನೇ ಬಂದು ಹೇಳುತ್ತೇನೆ. ಮನೆ ಬಿಡುವುದಿಲ್ಲ ಎಂದು ಉಜ್ಜನಪ್ಪನವರಿಗೆ ತಿಳಿಸಿ. ಇಲ್ಲಿ ಓಬಕ್ಕನ ಮನೆಗೆ ಮೂಡಲ ಕಿಟಕಿ ಇಲ್ಲ.