ಬಾಡಿಗೆಯ ರ‍್ಯಾಂಪ್

ಜನ್ನಾಪುರ, ಭದ್ರಾವತಿ
೨೩ ಜನವರಿ ೨೦೨೫, ಗುರುವಾರ

ಪ್ರೀತಿಯ ತಮ್ಮ ಪರಮೇಶನಿಗೆ,

ಹೇಗಿದ್ದೀಯ? ಅಸ್ಸಾಮಿನ ಚಳಿಗೆ ತುಟಿ ಒಡೆದಿದೆ ಅಂದಿದ್ದೆಯಲ್ಲ, ಅಮ್ಮ ಕಳಿಸಿದ ತುಪ್ಪ ಹಚ್ಚಿಕೊಂಡೆಯೋ, ಇಲ್ಲ ಇಡೀ ಬ್ಯಾರಕ್ಕಿಗೆ ಬಡಿಸಿ ಮುಗಿಸಿದೆಯೋ? ಅಮ್ಮ ಚೆನ್ನಾಗಿದ್ದಾಳೆ. ಸಂಕ್ರಾಂತಿಗೆ ನೀನಿಲ್ಲ ಅಂತ ಎಳ್ಳು ಹುರಿಯುವಾಗೊಮ್ಮೆ, ಹಂಚುವಾಗೊಮ್ಮೆ ಕಣ್ಣೊರೆಸಿಕೊಂಡಳು. ನಿನಗೆ ಸಿಗ್ನಲ್ ಸಿಗುವಷ್ಟರಲ್ಲಿ ನನ್ನ ಸಿಟ್ಟು ಆರಿಹೋಗಿರುತ್ತದೆ. ಆರಿದ ಸಿಟ್ಟನ್ನು ಹೇಳುವುದರಲ್ಲಿ ರುಚಿಯಿಲ್ಲ, ಅದಕ್ಕೇ ಈ ಕಾಗದ.

ಹೊಳೆಹೊನ್ನೂರು ರಸ್ತೆಯಲ್ಲಿ ಆ ಲಾರಿ ನನ್ನ ಸ್ಕೂಟರಿಗೆ ಗುದ್ದಿದ ಮೇಲೆ ನನಗೆ ತೋಳುಗಳೇ ಕಾಲು. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಆಟೋಗೆ, ಎಲ್ಲ ಕಡೆ ಮೈಯನ್ನು ಎತ್ತಿ ಹಾಕುವುದು ಇವೇ. ಈಚೆಗೆ ಬಲಭುಜ ನೋಯತೊಡಗಿತ್ತು. ಶಿವಮೊಗ್ಗದ ಡಾಕ್ಟರು ನೋಡಿ, ಮಾತ್ರೆಯಿಂದ ಆಗುವುದಲ್ಲ, ಬೆನ್ನು ಭುಜದ ಮಾಂಸಖಂಡ ಗಟ್ಟಿ ಮಾಡಬೇಕು, ಕೇಬಲ್ ಎಳೆಯುವ ಮೆಷಿನ್ನಿರುವ ಜಿಮ್ಮಿಗೆ ಸೇರಿ ಅಂದರು. ಸೇರದಿದ್ದರೆ ಇನ್ನು ಕೆಲವೇ ವರ್ಷಗಳಲ್ಲಿ ಮಂಚದಿಂದ ಇಳಿಸಲಿಕ್ಕೂ ಒಬ್ಬರು ಬೇಕಾಗುತ್ತಾರಂತೆ. ಆಮೇಲೆ ನನ್ನ ಶಾಲೆ, ನನ್ನ ಗಣಿತದ ಪಾಠ, ನನ್ನ ಸಂಬಳ ಎಲ್ಲದಕ್ಕೂ ನಮಸ್ಕಾರ.

ಡಾಕ್ಟರ ಕ್ಲಿನಿಕ್ಕಿನಿಂದ ನೇರ ಅಲ್ಲೇ ಶಿವಮೊಗ್ಗದ ಆಲ್ಕೊಳಕ್ಕೆ ಹೋದೆ. ಅಲ್ಲೊಂದು ದೊಡ್ಡ ಜಿಮ್ ಇದೆ, ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದೆ. ಮಾಲೀಕ ಕೆಳಗಿಳಿದು ಬಂದ. ಅವನ ತೋಳು ನನ್ನ ಸೊಂಟದಷ್ಟು ದಪ್ಪ, ತಲೆಯ ಬಗ್ಗೆ ಹಾಗೆ ಹೇಳಲಾರೆ. ನನ್ನನ್ನೂ ಕುರ್ಚಿಯನ್ನೂ ನೋಡಿ, “ನಿಮ್ಗ್ಯಾಕೆ ಮೇಡಂ ಜಿಮ್ಮು? ಮನೇಲೇ ಕೂತು ಪ್ರಾಣಾಯಾಮ ಮಾಡಿ, ಮನಸ್ಸಿಗೂ ಒಳ್ಳೇದು” ಅಂದ. ನನ್ನ ಮನಸ್ಸಿಗೆ ಏನಾಗಿದೆ ಅಂತ ನಾನು ಕೇಳಲಿಲ್ಲ.

ಆ ಹೊತ್ತಿಗೇ ನಮ್ಮ ಭದ್ರಾವತಿಯಲ್ಲಿ ಸೇವಾ ಬಳಗದವರು ‘ಸರ್ವರಿಗೂ ವ್ಯಾಯಾಮ’ ಅಂತ ಹೊಸ ಜಿಮ್ ಕಟ್ಟಿಸಿದರು. ಬೋರ್ಡಿನ ಮೇಲೆ ಗಾಲಿಕುರ್ಚಿಯ ಚಿತ್ರವೂ ಇತ್ತು. ಅಧ್ಯಕ್ಷ ವಾದಿರಾಜ ಖುದ್ದಾಗಿ ಮನೆಗೆ ಬಂದು, ರಿಬ್ಬನ್ ನಾನೇ ಕತ್ತರಿಸಬೇಕು ಅಂದರು. ಪೆದ್ದಿಯ ಹಾಗೆ ಹಿಗ್ಗಿದೆ ಮಾರಾಯ, ಅಮ್ಮನ ಜರಿ ಸೀರೆ ಉಟ್ಟು ಹೋದೆ. ಬಾಗಿಲಿಗೆ ಕೆಂಪು ಕಾರ್ಪೆಟ್ಟು ಹಾಸಿದ ಒಳ್ಳೆಯ ರ‍್ಯಾಂಪ್ ಇತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕೈಗೊಂದು ಗುಲಾಬಿ ಬಣ್ಣದ ಪುಟ್ಟ ಡಂಬೆಲ್ ಇಟ್ಟು ಫೋಟೋ ತೆಗೆದರು. ನಮ್ಮ ಶಾಲೆಯ ಡಸ್ಟರ್ ಅದಕ್ಕಿಂತ ಭಾರ. ಮುಖ್ಯ ಅತಿಥಿಯೊಬ್ಬರು, ದೇವರು ಈಕೆಗೆ ಕಾಲು ಕೊಡದಿದ್ದರೂ ನಗು ಕೊಟ್ಟಿದ್ದಾನೆ ಅಂತ ಗದ್ಗದಿತರಾದರು. ದೇವರು ಕಾಲನ್ನೂ ಕೊಟ್ಟಿದ್ದ, ಕಸಿದದ್ದು ಲಾರಿ. ಆದರೆ ಅಂಥವರಿಗೆ ತಿದ್ದುಪಡಿ ಬೇಕಿರುವುದಿಲ್ಲ, ಚಪ್ಪಾಳೆ ಬೇಕಿರುತ್ತದೆ.

ಮರುದಿನ ಶಾಲೆ ಮುಗಿಸಿ ವ್ಯಾಯಾಮಕ್ಕೆ ಅಂತ ಹೋದರೆ, ಶಾಮಿಯಾನದವರು ಕುರ್ಚಿ, ಕಾರ್ಪೆಟ್ಟುಗಳ ಜೊತೆ ಆ ರ‍್ಯಾಂಪನ್ನೂ ಗಾಡಿಗೆ ಏರಿಸುತ್ತಿದ್ದರು. ಶಾಮಿಯಾನದ ಮಾಲೀಕ ಕೊಟ್ರಬಸಪ್ಪನವರನ್ನು ಕೇಳಿದೆ. “ಇದು ನಮ್ದು ಮೇಡಂ. ಮದ್ವೆ ಸ್ಟೇಜಿಗೆ ಸಾಮಾನು ಏರ್ಸಕ್ಕೆ ಮಾಡ್ಸಿದ್ದು. ಅವ್ರು ಒಂದಿನಕ್ಕೆ ಬಾಡ್ಗೆ ತಗಂಡಿದ್ರು” ಅಂದರು. ರ‍್ಯಾಂಪಿನ ಕೆಳಗಿದ್ದದ್ದು ಎತ್ತರದ ಮೆಟ್ಟಿಲುಗಳು. ನಾನು ಅಷ್ಟು ಬೆಡಗಿನಿಂದ ಏರಿದ್ದು ಸೋಫಾ ಏರಿಸುವ ಹಲಗೆಯನ್ನು.

ವಾದಿರಾಜರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರಿಗೆ ನಾಚಿಕೆಯಾಗಲಿಲ್ಲ, ಆಶ್ಚರ್ಯವಾಯಿತು. “ಪರ್ಮನೆಂಟ್ ರ‍್ಯಾಂಪ್ ಮಾಡಿದ್ರೆ ಎಂಟ್ರೆನ್ಸ್ ಲುಕ್ಕೇ ಹೋಗುತ್ತಲ್ಲ ಮೇಡಂ. ನೀವು ಬರೋ ದಿನ ಹೇಳಿ, ನಮ್ಮ ಹುಡುಗ್ರು ಎತ್ಕೊಂಡು ಒಳಗೆ ಬಿಡ್ತಾರೆ.” ಎತ್ತುವವರ ಕೈ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದು ಎತ್ತಿಸಿಕೊಂಡವರಿಗೆ ಗೊತ್ತು. ಅದನ್ನು ಆ ಮನುಷ್ಯನಿಗೆ ವಿವರಿಸಲು ನನಗೆ ಹೇಸಿಗೆಯಾಯಿತು.

ಫೋನಿಟ್ಟು ಕೊಟ್ರಬಸಪ್ಪನವರ ಹತ್ತಿರ ಆ ಹಲಗೆಯನ್ನು ನಾನೇ ಬಾಡಿಗೆಗೆ ಕೇಳಿದೆ. ಮುಹೂರ್ತ ಇಲ್ಲದ ದಿನ ಬಾಗಿಲಿಗೆ ತಂದು ಹಾಕುತ್ತೇನೆ, ಮುಹೂರ್ತ ಇದ್ದರೆ ಮದುವೆಗೇ ಅಂತ ಒಪ್ಪಿದರು. ಕಾಗದನಗರದ ಓಬಯ್ಯನವರನ್ನೂ ಕರೆದೆ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಗಿ ಮೂಲೆ ಹಿಡಿದಿದ್ದರು. ಕಣ್ಣು ಕಾಣದ ನಮ್ಮ ಸಂಗೀತದ ಟೀಚರ್ ಸೀತಾಲಕ್ಷ್ಮಿಯೂ ಬಂದರು. ಒಳಗೆ ಹೋದರೆ ಕೇಬಲ್ ಮೆಷಿನ್ನಿನ ಮುಂದೆ ನೆಲಕ್ಕೆ ಬೋಲ್ಟ್ ಹಾಕಿದ ಸೀಟು, ನನ್ನ ಕುರ್ಚಿಗೆ ಜಾಗವೇ ಇಲ್ಲ. ಟ್ರೈನರ್ ಕವನ ಅಂತ ಒಬ್ಬ ಹುಡುಗಿ ಯಾರನ್ನೂ ಕೇಳದೆ ಸ್ಪ್ಯಾನರ್ ತಂದು ಆ ಸೀಟನ್ನೇ ಬಿಚ್ಚಿ ಪಕ್ಕಕ್ಕಿಟ್ಟಳು. ಇಡೀ ಬಳಗದಲ್ಲಿ ತಲೆ ಇರುವುದು ಅವಳೊಬ್ಬಳಿಗೇ ಅಂತ ಕಾಣುತ್ತದೆ.

ಒಂದು ದಿನ ವಾದಿರಾಜರು ಕಟ್ಟಡಕ್ಕೆ ಹಣ ಕೊಟ್ಟ ಶಿವಮೊಗ್ಗದ ದಾನಿಗಳನ್ನು ಕರೆದುಕೊಂಡು ಬಂದರು. ಗಾಲಿಕುರ್ಚಿ ಹಲಗೆ ಏರುವುದನ್ನು ನೋಡಿ ದಾನಿಗಳಿಗೆ ಪರಮಾನಂದ. ಚೆನ್ನಾಗಿದೆ ವ್ಯವಸ್ಥೆ ಅಂತ ವಾದಿರಾಜರ ಬೆನ್ನು ತಟ್ಟಿದರು. ಆ ಬೆನ್ನು ಅದನ್ನು ಬಗ್ಗಿ ಸ್ವೀಕರಿಸಿತು. ನಾನು ಹಲಗೆಯ ನಡುವೆಯೇ ಬ್ರೇಕ್ ಹಾಕಿ ನಿಂತೆ.

“ಇದು ಇವ್ರದ್ದಲ್ಲ ಸರ್, ಶಾಮಿಯಾನದವ್ರದ್ದು. ನಾಳೆ ಯಾರ್ದೋ ಮದ್ವೆ ಇದೆ, ನಾಳೆ ನಾವು ಒಳಗೆ ಹೋಗಕ್ಕಾಗಲ್ಲ” ಅಂದೆ.

ಓಬಯ್ಯನವರು ಹಿಂದಿನಿಂದ, ನಾಡಿದ್ದು ಬರ್ತೀವಿ ಅಂದರು. ಮುಂದಿನ ವಾರ ಗಾರೆಯವರು ಬಂದು ಸಿಮೆಂಟಿನ ರ‍್ಯಾಂಪ್ ಕಟ್ಟಿದರು. ಅದಕ್ಕೂ ಒಂದು ಉದ್ಘಾಟನೆ ಮಾಡಿದರು ಅನ್ನು, ಅದಿಲ್ಲದೆ ಇವರಿಗೆ ಅನ್ನ ಅರಗುವುದಿಲ್ಲ. ನನ್ನನ್ನೂ ಕರೆದರು. ಹೊರಗೆ ರಿಬ್ಬನ್ ಕತ್ತರಿಸುವಾಗ ನಾನು ಒಳಗೆ ಬೆವರು ಸುರಿಸಿಕೊಂಡು ಕೇಬಲ್ ಎಳೆಯುತ್ತಿದ್ದೆ, ಅವರಿಗೆ ಬೆನ್ನು ಹಾಕಿಕೊಂಡು. ಟಾಯ್ಲೆಟ್ಟಿನ ಬಾಗಿಲಲ್ಲಿ ನನ್ನ ಕುರ್ಚಿ ಇನ್ನೂ ಹಿಡಿಸುವುದಿಲ್ಲ. ನೀರು ಕುಡಿಯದೆ ಹೋಗುತ್ತೇನೆ. ಆದರೆ ಭುಜ ಈಗ ವಾಸಿ. ಬೆಳಿಗ್ಗೆ ಮಂಚದಿಂದ ಇಳಿಯುವಾಗ ಹಲ್ಲು ಕಚ್ಚುವುದು ತಪ್ಪಿದೆ.

ಹೊತ್ತು ಹೊತ್ತಿಗೆ ಊಟ ಮಾಡು, ಒಳ್ಳೆಯ ಸ್ವೆಟರನ್ನು ಯಾರಿಗೂ ದಾನ ಮಾಡಬೇಡ. ಅಮ್ಮ ನಿನ್ನ ಫೋಟೋದ ತಲೆ ಸವರಿ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಚೆನ್ನಾಗಿರು.

ನಿನ್ನ ಅಕ್ಕ,
ಮೈತ್ರಿ

ಮ.ವಿ.: ಲಕೋಟೆಗೆ ಅಂಟು ಹಚ್ಚುವ ಮೊದಲು ಬರೆಯುತ್ತಿದ್ದೇನೆ. ಊರವರನ್ನೆಲ್ಲ ಬೈದೆ, ಮನೆಯದನ್ನು ಬರೆಯಲು ಕೈ ಬರಲಿಲ್ಲ. ಹೋದ ಸಲ ರಜೆಗೆ ಬಂದಾಗ ನೀನು ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿ, ನೀರು ಹೊರಗೆ ಬರದಿರಲಿ ಅಂತ ಗ್ರಾನೈಟಿನ ಹೊಸಿಲು ಕೂರಿಸಿದೆಯಲ್ಲ, ದೀಪಾವಳಿಯ ಹಿಂದಿನ ದಿನ ಕುರ್ಚಿಯ ಗಾಲಿ ಅದಕ್ಕೇ ಸಿಕ್ಕಿ ಬಿದ್ದೆ. ಅಮ್ಮ ದೇವಸ್ಥಾನದಿಂದ ಬರುವವರೆಗೂ ಒದ್ದೆ ನೆಲದ ಮೇಲೆ ಇದ್ದೆ. ಆಗತಾನೆ ಜಾರಿದೆ ಅಂತ ಅವಳಿಗೆ ಸುಳ್ಳು ಹೇಳಿದೆ. ಹೊಸಿಲು ಒಡೆಸೋಣ ಅಂದರೆ, ಮಗ ಆಸೆಪಟ್ಟು ಹಾಕಿಸಿದ್ದು, ಮುಟ್ಟಬೇಡ ಅನ್ನುತ್ತಾಳೆ. ಈ ಕಾಗದ ಸಿಕ್ಕ ದಿನವೇ ಅವಳಿಗೆ ಫೋನ್ ಮಾಡಿ, ಅದನ್ನು ಒಡೆಸು ಅಂತ ನೀನೇ ಹೇಳು.