ಸೇತುವೆ ಆಯ್ತು ಎಂದಿರಿ

ಹೊಸನಗರ
29 ಡಿಸೆಂಬರ್ 2025

ಬ್ಯಾಕೋಡಿನ ಯೋಗರಾಜ್ ಅವರಿಗೆ,

ಸ್ವಪ್ನಾ ಮಾಡುವ ನಮಸ್ಕಾರ. ಆನಂದಪುರದ ಬೆಳ್ಳಪ್ಪನವರ ದೊಡ್ಡ ಮಗಳು ನಾನು. ಆರು ವರ್ಷದ ಹಿಂದೆ ನಿಮ್ಮ ಮನೆ ನೋಡಲು ಬಂದು, ನಿಮ್ಮ ತಾಯಿ ಗುತ್ಯಮ್ಮನವರ ಕೈಯ ಹೋಳಿಗೆ ನಾಲ್ಕು ತಿಂದು, ಮೂರನೇ ದಿನ ಫೋನಿನಲ್ಲಿ ನಿಮ್ಮನ್ನು ಬೇಡವೆಂದವಳು. ನಿಮಗೆ ಈ ಪರಿಚಯ ಬೇಕಿಲ್ಲ, ಗೊತ್ತು. ಪತ್ರ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬರೆದೆ. ಅಂಚೆ ಕಚೇರಿಯಲ್ಲೇ ಕೆಲಸ ಮಾಡುವವಳಿಗೆ ಒಂದು ಕಾಗದ ಬರೆಯಲು ನಾಲ್ಕು ದಿನ ಹಿಡಿದಿದೆ ಎಂದರೆ ನಗಬೇಡಿ.

ಜುಲೈಯಲ್ಲಿ ನೀವು ಮೊಬೈಲಿಗೆ ಒಂದು ಫೋಟೋ ಕಳಿಸಿದಿರಿ. ಹೊಳೆಯ ಮೇಲೆ ಉದ್ದಕ್ಕೆ ಹೊಸ ಸೇತುವೆ, ಕೆಳಗೆ ಎರಡೇ ಮಾತು: "ಸೇತುವೆ ಆಯ್ತು." ಕೌಂಟರಿನಲ್ಲಿ ಸ್ಪೀಡ್ ಪೋಸ್ಟಿನವರು ಸಾಲಾಗಿ ನಿಂತಿದ್ದರು, ನನ್ನ ಕೈ ನಿಂತುಹೋಯಿತು. ಬೇಡವೆಂದ ದಿನ ಫೋನಿನಲ್ಲಿ ನಾನು ಹೇಳಿದ್ದು ನನಗೂ ನೆನಪಿದೆ. "ನಿಮ್ಮ ಬಗ್ಗೆ ಎಂತದೂ ಇಲ್ಲ. ನಿಮ್ಮೂರಿಗೊಂದು ಸೇತುವೆ ಇದ್ದಿದ್ರೆ ಕಣ್ಣು ಮುಚ್ಚಿ ಹೂಂ ಅಂತಿದ್ದೆ."

ಯೋಗರಾಜ್, ಅದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಹೊಳೆಯಾಚೆಗೆ ಹೆಣ್ಣು ಕೊಡಲು ಮನಸ್ಸಿಲ್ಲದವರು ಜಾತಕ ಕೂಡಲಿಲ್ಲ ಎನ್ನುವುದರ ಬದಲು ಸೇತುವೆ ಇಲ್ಲ ಎನ್ನುತ್ತಿದ್ದರು. ಯಾರಿಗೂ ಬೇಜಾರಿಲ್ಲ, ತಪ್ಪೆಲ್ಲ ಹೊಳೆಯದ್ದು. ಅಡಿಗಲ್ಲು ಹಾಕಿದ ಸುದ್ದಿ ನನಗೂ ಗೊತ್ತಿತ್ತು, ಆದರೆ ನಮ್ಮ ತಾಲ್ಲೂಕುಗಳಲ್ಲಿ ಅಡಿಗಲ್ಲಿಗೇನು ಬರವೇ? ಅದರ ಮೇಲೆ ಕಂಬ ಏಳುತ್ತದೆ, ಬಸ್ಸು ಓಡುತ್ತದೆ, ನೀವು ಆರು ವರ್ಷ ಆ ಮಾತು ಹಿಡಿದು ಕೂತಿರುತ್ತೀರಿ ಎಂದು ಯಾರು ಕಂಡಿದ್ದರು? ಉತ್ತರ ಕೊಡಲು ಗೊತ್ತಾಗದೆ ಐದು ತಿಂಗಳು ಸುಮ್ಮನಿದ್ದೆ.

ಕಳೆದ ವಾರ ನಿಮ್ಮ ಎರಡನೇ ಸಂದೇಶ ಬಂತು. "ಅಮ್ಮ ತೀರ್ಥಹಳ್ಳಿ ಕಡೆ ಒಂದು ಸಂಬಂಧ ನೋಡಿದಾಳೆ. ನೀವು ಇಲ್ಲ ಅಂದ್ರೆ ಅಲ್ಲಿ ಹೂಂ ಅಂತೀನಿ. ಒಂದು ಮಾತು ಹೇಳ್ಬಿಡಿ." ನಿಮ್ಮದು ನ್ಯಾಯವಾದ ಮಾತು. ಆ ಹುಡುಗಿಯನ್ನೂ ಸುಮ್ಮನೆ ಕಾಯಿಸಬಾರದು. ಆದರೆ ಹೇಳಬೇಕಾದ ಆ ಒಂದು ಮಾತು ಯಾವುದು ಎಂಬುದೇ ನನಗೆ ಗೊತ್ತಿರಲಿಲ್ಲ. ಸೇತುವೆ ನೆಪವಾಗಿದ್ದರೆ ನಿಜವಾದ ಕಾರಣ ಏನು? ನೆಪವಲ್ಲದಿದ್ದರೆ ಈಗ ಯಾಕೆ ಹೂಂ ಎನ್ನುತ್ತಿಲ್ಲ? ತಲೆ ಕೆಟ್ಟುಹೋಯಿತು.

ಕಾರಣ ಹುಡುಕುತ್ತಾ ಹೋದರೆ ನಿಮ್ಮ ಮನೆ ನೋಡಲು ಬಂದ ದಿನದ ಸಂಜೆಯೇ ಕಣ್ಣ ಮುಂದೆ ನಿಲ್ಲುತ್ತದೆ. ಊಟ ತಡವಾಗಿ, ಹೊಳೆ ದಾಟಿಸುವ ಕೊನೆಯ ಲಾಂಚು ತಪ್ಪುತ್ತದೆ ಎಂದು ಅಪ್ಪ ಚಡಪಡಿಸುತ್ತಿದ್ದರು. ನೀವು ಬೈಕ್ ಹತ್ತಿ ಮುಂದೆ ಓಡಿದಿರಿ. ನಮ್ಮ ಜೀಪು ಕಳಸವಳ್ಳಿ ದಡಕ್ಕೆ ಬಂದಾಗ ನೀವು ಲಾಂಚಿನ ಇಳಿಜಾರು ಹಲಗೆಯ ಮೇಲೆ ಕೈ ಅಗಲಿಸಿ ನಿಂತಿದ್ದಿರಿ. ಹಿಂದೆ ಬಸ್ಸು, ಎರಡು ಕಾರು, ಐವತ್ತು ಅರವತ್ತು ಜನ ನಮಗಾಗಿ ಕಾಯುತ್ತಿದ್ದರು. ಒಬ್ಬಳು ಅಜ್ಜಿ ನನ್ನ ಗಲ್ಲ ಹಿಡಿದು, "ಯೋಗಣ್ಣ ಲಾಂಚ್ ನಿಲ್ಸಿದ್ದು ಇವ್ಳಿಗೇಯಾ? ಮದ್ವೆ ಊಟ ಯಾವತ್ತು ಹಾಕ್ತೀಯೇ ಮಗಾ?" ಎಂದಳು. ಇಡೀ ಲಾಂಚು ನಕ್ಕಿತು. ನನ್ನನ್ನು ಯಾರೂ ಕೇಳದೆಯೇ ನನ್ನ ಮದುವೆ ನೀರಿನ ನಡುವೆ ಆಗಿಹೋದಂತೆ ಅನಿಸಿತು. ಸಿಟ್ಟು ಬಂತು, ಹೆದರಿಕೆಯಾಯಿತು. ನೀವು ದಡದಲ್ಲಿ ಚಿಕ್ಕದಾಗುತ್ತಾ ನಿಂತಿದ್ದಿರಿ, ನಾನು ಕೈ ಕೂಡ ಎತ್ತಲಿಲ್ಲ.

ಹೀಗಿರುವಾಗ ನಿನ್ನೆ ತಂಗಿ ಭವ್ಯಾ ಮತ್ತು ಅವಳ ಗಂಡ ಶ್ರೀನಾಥ್ ನನ್ನನ್ನು ಪ್ರವಾಸಕ್ಕೆ ಎಳೆದುಕೊಂಡು ಹೋದರು. ಹೊನ್ನಾವರದಾಚೆ ಸಮುದ್ರದಲ್ಲಿ ಕೆಳದಿ ಅರಸರ ಕಾಲದ ಕೋಟೆಯಿರುವ ದ್ವೀಪವಿದೆಯಲ್ಲ, ಅಲ್ಲಿಗೆ. ನಿಮ್ಮೂರ ಪಕ್ಕದ ಹೊಳೆಯೇ ಅಲ್ಲಿ ಸಮುದ್ರ ಸೇರುತ್ತದೆ ಎಂದು ಶ್ರೀನಾಥ್ ಹೇಳಿದಾಗ, ಇಲ್ಲಿಗೂ ಬಂದಿರಾ ಎಂದು ನಿಮ್ಮ ಮೇಲೆ ರೇಗಿತು. ಬೋಟಿನಲ್ಲಿ ಮೂವತ್ತು ಜನ. ನಾನು ಹತ್ತುವ ಮೊದಲೇ ವಾಪಸ್ ಎಷ್ಟು ಹೊತ್ತಿಗೆ ಎಂದು ಮೂರು ಸಲ ಕೇಳಿದೆ. ಬೋಟಿನ ಜಯಪ್ಪ ಬೇಸತ್ತು, "ನಾಲ್ಕೂವರೆಗೆ ಬಿಡೂದೇ. ನೀರು ಇಳಿದ್ರೆ ತೊಂದ್ರೆ, ಯಾರಿಗೂ ಕಾಯೂದಿಲ್ಲ" ಎಂದರು.

ಕೋಟೆ ಹೇಗಿತ್ತು ಎಂದು ಕೇಳಬೇಡಿ. ಒಂದು ಬುರುಜು ಕಂಡೆ, ಒಂದು ಬಾವಿ ಕಂಡೆ. ಉಳಿದವರು ಗೋಡೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಮೂರೂವರೆಗೇ ಕೆಳಗೆ ಬಂದು ಬೋಟಿನ ಪಕ್ಕ ನಿಂತಿದ್ದೆ. ಭವ್ಯಾ ನಗಾಡಿದಳು. ನಾಲ್ಕೂವರೆಗೆ ಎಂಜಿನ್ ಶುರುವಾಯಿತು. ಆಗ ನೆನಪಾಯಿತು, ಬೆಳಿಗ್ಗೆ ನನ್ನೆದುರು ಕೂತಿದ್ದ ವಯಸ್ಸಾದ ಗಂಡ ಹೆಂಡತಿ ಇನ್ನೂ ಬಂದಿಲ್ಲ. ಆಕೆಗೆ ಮಂಡಿ ನೋವು, ಮೆಟ್ಟಿಲಿಗೊಮ್ಮೆ ನಿಂತು ಹತ್ತುವುದನ್ನು ನೋಡಿದ್ದೆ.

ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಒಂದು ಕಾಲು ಬಂಡೆಯ ಮೇಲೆ, ಒಂದು ಕಾಲು ಬೋಟಿನ ಅಂಚಿನ ಮೇಲೆ ಇಟ್ಟು, ಹಗ್ಗ ಹಿಡಿದು ನಿಂತುಬಿಟ್ಟಿದ್ದೆ. "ಇನ್ನಿಬ್ರು ಬರ್ಬೇಕು. ಬರೋ ತನಕ ನಾನು ಕಾಲು ತೆಗೆಯಲ್ಲ" ಎಂದೆ. ಜಯಪ್ಪ ಬೈದರು. ಹಿಂದಿನ ಸೀಟಿನವರು ಬೈದರು. ಶ್ರೀನಾಥ್ ನನ್ನನ್ನು ಕಂಡೇ ಇಲ್ಲ ಎಂಬಂತೆ ಸಮುದ್ರ ನೋಡುತ್ತಾ ಕೂತರು. ಹನ್ನೆರಡು ನಿಮಿಷ. ಕೊನೆಗೆ ಆ ಇಬ್ಬರೂ ಕೈ ಕೈ ಹಿಡಿದು ಇಳಿದು ಬಂದರು. ಯಾರು ನಿಲ್ಲಿಸಿದರು ಎಂದು ಆಕೆ ಕೇಳಲೂ ಇಲ್ಲ. ಉಸ್ಸೆಂದು ಕೂತು ಕಿತ್ತಳೆ ಸುಲಿದು, ಒಂದು ತೊಳೆ ನನ್ನ ಕೈಗೂ ಇಟ್ಟರು.

ಕಿತ್ತಳೆ ಬಾಯಲ್ಲಿತ್ತು, ಕಣ್ಣಲ್ಲಿ ನೀರು ಬಂತು. ಭವ್ಯಾ ಹುಳಿಯಾ ಎಂದಳು, ಹೂಂ ಎಂದೆ. ಹಗ್ಗ ಹಿಡಿದು ನಿಂತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಇವರು ಮನೆ ಸೇರಲಿ. ಅವರು ನನ್ನವರೆಂದು ಯಾರಿಗೂ ತೋರಿಸಲು ನಾನು ನಿಂತಿರಲಿಲ್ಲ. ಹಾಗಾದರೆ ನೀವು?

ಅವತ್ತು ಆ ಲಾಂಚು ಹೋಗಿಬಿಟ್ಟಿದ್ದರೆ ನಾವು ನಿಮ್ಮ ಮನೆಯಲ್ಲೇ ಉಳಿಯಬೇಕಿತ್ತು. ಉಂಡು, ಮಲಗಿ, ಬೆಳಿಗ್ಗೆ ತಿಂಡಿ ತಿಂದು ಎದ್ದ ಮೇಲೆ ನಮ್ಮಪ್ಪನಂಥವರಿಗೆ ಬೇಡವೆನ್ನಲು ಬಾಯಿ ಬರುತ್ತಿತ್ತೇ? ಅರ್ಧ ಮದುವೆ ಅಲ್ಲೇ ಮುಗಿಯುತ್ತಿತ್ತು. ಅದು ನಿಮಗೂ ಗೊತ್ತಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ನೀವು ಓಡಿದಿರಿ. ನಾನು ಹೋಗಲಿ ಎಂದು ಲಾಂಚು ನಿಲ್ಲಿಸಿದಿರಿ. ನಾನು ಆರು ವರ್ಷ ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಕೂತಿದ್ದೆ. ನಿಮಗೆ ನಾನು ಬೇಡವಾಗಿದ್ದೆನೋ ಏನೋ ಎಂದೂ ಒಂದು ಗಳಿಗೆ ಅನಿಸಿತು, ಆಮೇಲೆ ಸೇತುವೆಯ ಆ ಫೋಟೋ ತೆಗೆದು ನೋಡಿದೆ.

ಈಗಲೂ ಎಲ್ಲ ತಿಳಿಯಾಗಿದೆ ಎಂದು ಹೇಳಲಾರೆ. ಹೊನ್ನಾವರದಿಂದ ಬರುವ ದಾರಿಯಲ್ಲಿ ಹೂಂ ಎಂದುಕೊಂಡೆ, ಹೊಸನಗರ ಮುಟ್ಟುವಷ್ಟರಲ್ಲಿ ಮತ್ತೆ ಹೆದರಿದೆ. ಮೊದಲಾದರೆ ನಿಮ್ಮೂರಿನ ಟಪಾಲು ಚೀಲ ಹೊಳೆ ದಾಟುವವರೆಗೆ ಮನಸ್ಸು ಬದಲಿಸಲು ಒಂದಿಷ್ಟು ಹೊತ್ತು ಸಿಗುತ್ತಿತ್ತು. ಈಗ ಸೇತುವೆ ಆಗಿ ಅದೂ ಇಲ್ಲ.

ತೀರ್ಥಹಳ್ಳಿಯವರಿಗೆ ಈ ಭಾನುವಾರದವರೆಗೆ ಏನೂ ಹೇಳಬೇಡಿ. ಭಾನುವಾರ ನಾನೊಬ್ಬಳೇ ಬರುತ್ತೇನೆ. ಸಾಗರದಿಂದ ಹೊರಡುವ ಬಸ್ಸು ಕೇಳಿಟ್ಟುಕೊಂಡಿದ್ದೇನೆ. ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಲ್ಲ.

ಗುತ್ಯಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ದೇವರು ಅವರನ್ನೂ ನಿಮ್ಮನ್ನೂ ಚೆನ್ನಾಗಿಟ್ಟಿರಲಿ, ಭಾನುವಾರ ನಾನು ಏನೇ ಹೇಳಿದರೂ.

ಅವತ್ತು ಎತ್ತದ ಕೈಯಿಂದಲೇ ಇದನ್ನು ಬರೆದ,
ಸ್ವಪ್ನಾ