ಕಳ್ಳಜೇಬಿನ ಕೋಟು

೨೧ ನವೆಂಬರ್, ಶುಕ್ರವಾರ

ಪ್ರೀತಿಯ ಅಕ್ಕನಿಗೆ, ನಿನ್ನ ಚಿಂದಿಯ ನಮಸ್ಕಾರಗಳು.

ನೀನು ಫೋಟೋ ಕೇಳಿ ಮೂರು ವಾರವಾಯಿತು. ತಡವಾದದ್ದಕ್ಕೆ ಬೈದುಕೋ. ಫೋನಿದ್ದೂ ಕಾಗದ ಬರೆದಿದ್ದಾಳೆ ಎಂದರೆ ಏನೋ ಎಡವಟ್ಟಾಗಿದೆ ಎಂದು ಲಕೋಟೆ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಫೋನಿನಲ್ಲಿ ನನ್ನ ಮುಖ ಕಾಣುತ್ತದೆ. ಇಲ್ಲಿ ಅಕ್ಷರ ಮಾತ್ರ.

ನಾನು ಚೆನ್ನಾಗಿದ್ದೇನೆ. ಒಂದು ಅಡುಗೆಮನೆಗೆ ನಾವು ಆರು ಜನ. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ಎಸೆಯಲೆಂದು ಬದಿಗಿಟ್ಟ ತರಕಾರಿ ತಂದು, ಕೊಳೆತದ್ದನ್ನು ಕತ್ತರಿಸಿ ತೆಗೆದು ಬೇಯಿಸುತ್ತೇವೆ. ಪ್ಲಾಸ್ಟಿಕ್ ಚೀಲಗಳನ್ನು ತೊಳೆದು ಕಿಟಕಿಗೆ ಒಣಹಾಕುತ್ತೇವೆ. ಆರು ಹೀಟರ್ ಉರಿಸುವ ಬದಲು ಒಂದೇ ಕೋಣೆಯಲ್ಲಿ ಕೂತು ಓದುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನೇ ಇಲ್ಲಿ ಪರಿಸರ ಉಳಿಸುವ ಓದು ಎಂದು ಎರಡು ವರ್ಷ ಕಲಿಸಿ ಪದವಿ ಕೊಡುತ್ತಾರೆ. ನಿನಗಾದರೆ ಪರೀಕ್ಷೆ ಇಲ್ಲದೆಯೇ ಕೊಡಬೇಕು.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇವೆ. ‘ಒಂದು ವರ್ಷ ಹೊಸ ಬಟ್ಟೆ ಕೊಳ್ಳುವುದಿಲ್ಲ, ತೊಡುವುದಿಲ್ಲ.’ ಕೆಳಗೆ ತಾರೀಖು, ಆರು ಸಹಿ. ಮೂರನೆಯದು ನನ್ನದು.

ಹೋದ ತಿಂಗಳು ತರಗತಿಯಲ್ಲಿ ನಿನ್ನ ಬಗ್ಗೆ ಮಾತಾಡಿದೆ. ಹೊಲಿಗೆ ಯಂತ್ರದ ಕೆಳಗಿನ ನಿನ್ನ ತುಂಡುಬಟ್ಟೆಯ ಮೂಟೆ, ಅದರ ಮೇಲೇ ಮಲಗಿ ಬೆಳೆದು ‘ಚಿಂದಿ’ಯಾದ ನಾನು, ಯಾರದೋ ಪ್ಯಾಂಟು ಬಿಚ್ಚಿ ನೀನು ಹೊಲಿದ ನನ್ನ ಶಾಲೆಯ ಲಂಗ, ಎಲ್ಲ ಹೇಳಿದೆ. ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ತಲೆ ಬಾಗಿಸಿದೆ. ವಿನಯದಿಂದ ಎಂದು ಅವರು ತಿಳಿದರು.

ಈಗ ನೀನು ಹೊಲಿದುಕೊಟ್ಟ ಕೋಟಿನ ವಿಷಯ.

“ಕೋಟ್ ಹಾಕ್ಕೊಂಡು ಒಂದು ಫೋಟೋ ಕಳ್ಸೇ, ಅಂಗಡೀಲಿ ಕನ್ನಡಿ ಪಕ್ಕ ಹಾಕ್ತೀನಿ. ಇನ್ಮೇಲೆ ಫಾರಿನ್‌ಗೆ ಹೋಗೋರೆಲ್ಲ ನನ್ನ ಹತ್ರಾನೇ ಬರ್ಲಿ” ಎಂದೆ ನೀನು. ಹಿಂದಿನಿಂದ ಭಾವ, “ಬ್ಲೌಸ್ ಕೊಡೋಕೇ ಆರು ತಿಂಗ್ಳು, ಇನ್ನು ಕೋಟ್ ಬೇರೆ!” ಎಂದರು. ಒಗೆಯಲು ಹಾಕಿದ್ದೇನೆ ಎಂದೆ ನಾನು. ಮರುವಾರವೂ ಅದನ್ನೇ ಹೇಳಿದೆ. “ಉಣ್ಣೆ ಕೋಟನ್ನ ಎಷ್ಟು ಸಲ ಒಗೀತೀಯೇ ಮಾರಾಯ್ತಿ? ಕುಗ್ಗಿ ಕೂಸಿನ ಅಂಗಿ ಆಗುತ್ತೆ!” ಎಂದು ನಕ್ಕೆಯಲ್ಲ, ಆಗಲೇ ಹೇಳಬೇಕಿತ್ತು.

ಅಕ್ಕಾ, ಕೋಟು ನನ್ನ ಹತ್ತಿರ ಇಲ್ಲ. ಹಾಸ್ಟೆಲಿನ ಕೆಳಮಹಡಿಯಲ್ಲಿ ಒಂದು ಕಪಾಟಿದೆ. ಬೇಡವಾದದ್ದನ್ನು ಅಲ್ಲಿಡಬಹುದು, ಬೇಕಾದವರು ಒಯ್ಯಬಹುದು. ಅಲ್ಲಿ ಇಟ್ಟುಬಿಟ್ಟೆ. ಬದಲಿಗೆ ಯಾರೋ ಬಿಟ್ಟುಹೋದ, ತೋಳು ಸವೆದ ಬೂದು ಕೋಟೊಂದನ್ನು ತೆಗೆದುಕೊಂಡೆ. ಹೊಚ್ಚಹೊಸ ಕೋಟು ತೊಟ್ಟು ಆ ಪ್ರತಿಜ್ಞೆಯ ಕಾಗದದ ಮುಂದೆ ಹೇಗೆ ನಿಲ್ಲಲಿ?

ಕೋಟು ಹೊಲಿದು ಗೊತ್ತಿಲ್ಲದ ನೀನು ಪಕ್ಕದ ಮನೆ ಮೇಷ್ಟರ ಹಳೇ ಕೋಟನ್ನು ಬಿಚ್ಚಿ ನೋಡಿ ಕಲಿತದ್ದು, ಮತ್ತೆ ಅದನ್ನು ಮೊದಲಿನಂತೆ ಹೊಲಿದುಕೊಟ್ಟದ್ದು, ನನ್ನದರ ಕಾಲರನ್ನು ಮೂರು ಸಲ ಬಿಚ್ಚಿ ಹಾಕಿದ್ದು ನನಗೆ ಮರೆತಿಲ್ಲ. “ಇವ್ಳು ಒಂದಾದ್ರೂ ಹೊಸಾದು ಹಾಕ್ಕೊಂಡ್ ಹೋಗ್ಲಿ” ಎಂದಿದ್ದೆ ನೀನು.

ಮೊನ್ನೆ ಮೆಟ್ಟಿಲ ಬಳಿ ಅದನ್ನು ಕಂಡೆ. ನಮ್ಮ ಮಹಡಿ ಒರೆಸುವ ಹೆಂಗಸು ತೊಟ್ಟಿದ್ದಳು. ನಿನ್ನ ವಯಸ್ಸಿನವಳು. ಒಂದು ಫೋಟೋಗಾಗಿ ಐದು ನಿಮಿಷ ಕೊಡುತ್ತೀಯಾ ಎಂದು ಕೇಳಿದೆ. ಯಾಕೆ ಎಂದೂ ಕೇಳದೆ ಬಿಚ್ಚಿಕೊಟ್ಟಳು. ತೊಟ್ಟೆ. ಅವಳ ಮೈಯ ಬಿಸಿ ಇನ್ನೂ ಇತ್ತು.

“ಒಳಗೆ ಕಳ್ಳಜೇಬಿದೆ, ನೋಡಿದ್ಯಾ? ಕೀಲಿಕೈ ಅಲ್ಲೇ ಇಡ್ತೀನಿ. ಹೊಲಿದೋರು ಬಲು ಬುದ್ಧಿವಂತರು” ಎಂದಳು.

ನಾನು ನೋಡಿರಲಿಲ್ಲ. “ಹೊಲಿದಿದ್ದು ನಮ್ಮಕ್ಕ” ಎಂದೆ.

“ಮತ್ತೆ ಕಪಾಟಿಗೆ ಹೇಗೆ ಬಂತು?” ಎಂದವಳು ನನ್ನ ಮುಖ ನೋಡಿ, “ವಾಪಸ್ ಬೇಕಾ?” ಎಂದಳು.

ಬೇಡ ಎಂದೆ. ಬಿಚ್ಚಿ ಅವಳಿಗೇ ತೊಡಿಸಿ ಫೋಟೋ ತೆಗೆದೆ. ಯಾಕೆಂದು ಹೇಳಿದ ಮೇಲೆ ಕೂದಲು ಸರಿಮಾಡಿಕೊಂಡು ಇನ್ನೊಂದು ತೆಗೆಸಿಕೊಂಡಳು. ಅದನ್ನೇ ಇದರೊಳಗೆ ಇಟ್ಟಿದ್ದೇನೆ. ಭುಜದ ಹೊಲಿಗೆ ನೋಡು, ಎಷ್ಟು ಚೆನ್ನಾಗಿ ಕೂತಿದೆ. ಕನ್ನಡಿ ಪಕ್ಕ ಹಾಕುವುದು ಬಿಡುವುದು ನಿನ್ನಿಷ್ಟ.

ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಕೇಳದಿದ್ದರೂ ನೀನು ಕೊಡುತ್ತೀಯ, ಕಷ್ಟವಾಗುವುದು ಅದಕ್ಕೇ.

ನಿನ್ನ
ಚಿಂದಿ

ಮರೆತ ಮಾತು: ಅಂಟಿಸುವ ಮುಂಚೆ ಕಾಗದವನ್ನು ಮತ್ತೊಮ್ಮೆ ಓದಿದೆ. ಒಂದು ಕಡೆ ಸುಳ್ಳಿದೆ. ಫ್ರಿಜ್ಜಿನ ಮೇಲಿನ ತಾರೀಖು ಸೆಪ್ಟೆಂಬರ್ ೨೬. ನಾನು ಕೋಟು ಇಟ್ಟದ್ದು ೧೭ರಂದು, ಪ್ರತಿಜ್ಞೆಯ ಮಾತೇ ಇನ್ನೂ ಹುಟ್ಟಿರಲಿಲ್ಲ. ಆ ಬೆಳಿಗ್ಗೆ ಲಿಫ್ಟಿನಲ್ಲಿ ಒಬ್ಬಳು ಕಾಲರನ್ನೇ ನೋಡುತ್ತಾ, “ಇದು ಮನೇಲಿ ಹೊಲಿದಿದ್ದಾ?” ಎಂದು ಕೇಳಿದ್ದಳು. ಮೆಚ್ಚಿಯೇ ಕೇಳಿದಳೋ ಏನೋ. ನಾನು “ಅಲ್ಲ” ಎಂದೆ.